ಆ ಮಾತು ಯಾರ ತವರಿಂದು?

೧೪ ಮಾರ್ಚ್ ೧೯೪೬, ಗುರುವಾರ. ಬಬಲೇಶ್ವರ.

ಬಾವಿ ಕಡೆ ನನಗೂ ನನ್ನ ಗೆಳತಿ ರೇಣುಕಗೂ ಒಬ್ಬಾಕಿ ಆ ಮಾತ ಅಂದ್ಲು. ಹೆಣ್ಣಿನ ಮ್ಯಾಲ ಮನಸಿಟ್ಟ ಹೆಣ್ಣಿಗೆ ಅನ್ನೂ ಬೈಗುಳ. ಇಲ್ಲಿ ಬರಿಯಾಕೂ ಕೈ ಬರವಲ್ದು.

ನನಗ ಅಂದ್ರು ಅನ್ನೂದ ಮುಚ್ಚಿಟ್ಟು, ಅದು ಎಲ್ಲೀ ಮಾತಂತ ಮನ್ಯಾಗ ಕೇಳಿದೆ. ಅವ್ವ ಅಂದ್ಲು, "ಸೊಸಿ ತಂದಿರಬೇಕು, ತಿಕೋಟಾದಾಗ ಹಂಗ ಮಾತಾಡ್ತಾರ." ಅಣ್ಣನ ಹೆಂಡ್ತಿ, ನಮ್ಮ ವೈನಿಗೆ ಸಿಟ್ಟ ಬಂತು: "ನಮ್ಮ ತವರಾಗ ಇಲ್ರಿ ಇದು. ವಿಜಾಪುರದ ಪ್ಯಾಟಿ ಮಾತು." ಬಾಜೂ ಮನಿ ಮಾಬುಬಿ, "ತೋಬಾ, ನಮ್ಮ ಉರ್ದೂ ಮಾತಲ್ಲವಾ!" ಅಂದ್ಲು. ಅರ್ಥ ಏನಂತ ಮಾತ್ರ ಒಬ್ಬರೂ ಕೇಳಲಿಲ್ಲ.

ಗಂಡನ ಮನಿ ಬಿಟ್ಟು ಬಂದ ನಮ್ಮ ಅತ್ತಿ ಕಾಳವ್ವ ಶೇಂಗಾ ಸುಲಿಯೂದ ನಿಲ್ಲಿಸಿದ್ಲು. "ಈ ಮಾತ ನಾ ಮೊದಲ ಕೇಳಿದ್ದು, ನನಗ ಅಂದಾಗ." ಆಮ್ಯಾಲ ಮೆಲ್ಲಕ, "ನಿನಗ ಯಾರಂದ್ರು, ಯವ್ವಾ?"

ನಾ ಸಿಪ್ಪಿ ಬಳಕೋತ ಕುಂತೆ. ಅತ್ತಿ ಸುಲಿದಷ್ಟೂ ಶೇಂಗಾ ನನ್ನ ಉಡ್ಯಾಗ ಹಾಕಿ ಎದ್ದು ಹೋದ್ಲು. ಇನ್ನೂ ಉಡಿ ಬಿಚ್ಚಿಲ್ಲ. ನಾಳೆ ನೀರಿಗೆ ಹೋದಾಗ ರೇಣುಕಗೂ ಅರ್ಧ ಕೊಡ್ತೀನಿ.