ನೆಗೆಣ್ಣಿಯ ಬಿಳಿ ಬೆಕ್ಕು

ನವೆಂಬರ್ 9, ಭಾನುವಾರ

ರೊಟ್ಟಿ ಬಡಿಯುತ್ತಿದ್ದೆ. ಮೈದುನನ ಹೆಂಡತಿ ಶೈಲಶ್ರೀ ಬುಟ್ಟಿ ಹಿಡಿದು ಬಂದಳು. ಬೆಳಗಾವಿಯಿಂದ ತಂದ ಬೆಕ್ಕಿನ ಮರಿ. ಬೆಳ್ಳಗೆ, ನೀಲಿ ಕಣ್ಣು. ಸ್ನೋಯಿ ಅಂತ ಹೆಸರು.

"ಗಂಗಕ್ಕಾ, ಪರ್ಷಿಯನ್ ಐತ್ರಿ. ನಮ್ಮ ಮನ್ಯಾಗ ಇಷ್ಟ ಬೆಳ್ಳಗ ಯಾರದಾರ ಹೇಳ್ರಿ?" ನನ್ನ ಮಗಳು ಐಶೂನ ಕಡೆ ನೋಡಿ ನಕ್ಕಳು.

ದೀಪಾವಳಿ ಫೋಟೋ ತೆಗೆಸುವಾಗಲೂ ಹೀಗೇ ಅಂದಿದ್ದಳು — "ಆ ಕರಿ ಹುಡುಗೀನ ಹಿಂದ ನಿಲ್ಲಸ್ರಿ." ಐಶೂಗೆ ಎಂಟು ವರ್ಷ. ಎಲ್ಲ ತಿಳಿಯುತ್ತದೆ. ನಾನು ಮರೆಯುವವಳಲ್ಲ.

ಅದೇ ದಿನ, ಸಂಜೆ

ದನದ ದವಾಖಾನೆಯಲ್ಲಿ ಹನ್ನೊಂದು ವರ್ಷದಿಂದ ಕಂಪೌಂಡರ್ ನಾನು. ಗಿಡ್ಡ ಕೂದಲು, ಉದ್ದ ಬಾಲ, ಕೂಸು ಅತ್ತಂತೆ ದನಿ, ಕಿವಿಯಂಚಿಗೆ ಆಗಲೇ ಬೂದಿ ಗೆರೆ... ಎಲ್ಲಿಯ ಪರ್ಷಿಯನ್? ಸಯಾಮೀಸ್! ಹುಟ್ಟುವಾಗ ಬಿಳಿ, ಬೆಳೆದಂತೆ ಮುಖ, ಕಾಲು, ಬಾಲ ಕಪ್ಪು. ತಂಪಿನಲ್ಲಿಟ್ಟರೆ ಇನ್ನೂ ಬೇಗ. ಹೇಳಲಿಲ್ಲ.

"ಶೈಲಾ, ಇದಕ್ಕ ಸೆಕಿ ಆಗಂಗಿಲ್ಲವಾ. ಬಚ್ಚಲದಾಗ ತಂಪು ಫರಸಿ ಕಲ್ಲಿನ ಮ್ಯಾಲ ಮಲಗಸು" ಎಂದೆ.

"ಹೌದೇನ್ರಿ ಅಕ್ಕಾ?" ನಂಬಿದಳು.

ಡಿಸೆಂಬರ್ 14

ಮೂಗು ಕರ್ರಗೆ. ಕಿವಿ ಕರ್ರಗೆ. ಶೈಲಾ ಕಡಲೆಹಿಟ್ಟು ಹಚ್ಚಿ ತಿಕ್ಕಿದ್ದೇ ತಿಕ್ಕಿದ್ದು. ಬೆಕ್ಕು ಚೀರಿತು. ಐಶು ಕಟ್ಟೆಯ ಮೇಲೆ ಕೂತು ನೋಡುತ್ತಿದ್ದಳು. ನಾನು ಅಡುಗೆಮನೆಗೆ ಹೋಗಿ ಬಾಯಿಗೆ ಸೆರಗೊತ್ತಿ ನಕ್ಕೆ. ಹೊಟ್ಟೆ ತಣ್ಣಗಾಯಿತು.

ಜನವರಿ 4

ಯಾರದೋ ದೃಷ್ಟಿಯಂತೆ. ನಿಂಬೆಹಣ್ಣು ನಿವಾಳಿಸಿದ್ದಾಯಿತು. ಮಠದ ಬಸಯ್ಯನವರು ಬಂದು ವಿಭೂತಿ ಹಚ್ಚಿದ್ದಾಯಿತು. ಕಪ್ಪು ಹೋಗಲಿಲ್ಲ.

"ಮನಿಗೆ ಛಲೋ ಅಲ್ಲ. ಎಲ್ಲೆರೆ ಬಿಟ್ಟ ಬರ್ರಿ" ಎಂದರು ಅತ್ತೆ.

ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಶೈಲಾ ನನ್ನ ಮುಖವನ್ನೇ ನೋಡಿದಳು — ದವಾಖಾನೆಯವಳಲ್ಲವೇ ನಾನು! ಆ ಫೋಟೋ ನೆನೆದು ಸುಮ್ಮನಿದ್ದೆ.

ಜನವರಿ 6

ಮೈದುನ ಬಸವಲಿಂಗ ಬೆಕ್ಕನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ ಮುನವಳ್ಳಿ ಹತ್ತಿರ ಬಿಟ್ಟು ಬಂದ. ಚೀಲದೊಳಗಿಂದ ಒದರಿದ್ದು ಓಣಿಗೆಲ್ಲ ಕೇಳಿತು. ಶೈಲಾ ಅತ್ತಳು. ಅಳಲಿ! ಗೆದ್ದೆ ನಾನು.

ಊಟ ಮಾತ್ರ ಸೇರಲಿಲ್ಲ.

ಜನವರಿ 9

ಮೂರು ದಿನದಿಂದ ಐಶು ಶಾಲೆಗೆ ಹೋಗುತ್ತಿಲ್ಲ. ಬಿಸಿಲಿಗೇ ಬರುವುದಿಲ್ಲ. ಹೊಟ್ಟೆನೋವು ಅಂತಾಳೆ. ಇವತ್ತು ಕೂರಿಸಿಕೊಂಡು ಕೇಳಿದೆ.

"ಮಮ್ಮಿ, ನಾ ಇನ್ನಷ್ಟ ಕರ್ರಗಾದ್ರ ಕಾಕಾ ನನ್ನೂ ಚೀಲದಾಗ ಹಾಕತಾನೇನು?"

"ಹುಚ್ಚೀ, ನಾ ಬಿಡತೇನೇನು?"

"ಸ್ನೋಯೀನ ಒಯ್ಯುಮುಂದ ನೀ ಸುಮ್ನ ನಿಂತಿದ್ದಿಯಲ್ಲ."

ನಾಳೆ ಮೊದಲ ಬಸ್ಸಿಗೆ ಮುನವಳ್ಳಿಗೆ ಹೋಗಬೇಕು. ಸಿಕ್ಕರೆ... ಸಿಗದಿದ್ದರೂ ಐಶೂಗೆ ಹೇಳಲೇಬೇಕು. ಬೆಕ್ಕಿನದು ತಪ್ಪಿರಲಿಲ್ಲ, ಬಣ್ಣದ್ದೂ ಅಲ್ಲ, ಅದನ್ನು ಬಚ್ಚಲಿನಲ್ಲಿ ಮಲಗಿಸು ಅಂದವಳು ನಿನ್ನ —