ದರ್ಜಿಯ ಗೋಡೆ

ಮಾರ್ಚ್ ೧೪, ಗುರುವಾರ

ಹಳೆ ಕಟ್ಟಡ ಕೆಡಹುವ ಈ ಕಸುಬಿಗೆ ಯಜಮಾನಿ ನಾನು. ಗಂಡ ತೀರಿಕೊಂಡ ಮೇಲೆ ಇಪ್ಪತ್ತಾರು ವರ್ಷದಿಂದ ನನ್ನ ಮಾತೇ ಈ ಮನೆಯ ಕರಾರುಪತ್ರ. ಆ ಮಾತನ್ನು ನನ್ನ ಹೊಟ್ಟೆಯಲ್ಲಿ ಹುಟ್ಟಿದವನೇ ಮಾರಿಬಿಟ್ಟ.

ನಾವು ಕೆಡಹಲು ಒಪ್ಪಿಕೊಂಡಿದ್ದ ಮೂಲೆಮನೆಯ ಬೀದಿಗೋಡೆಯ ಮೇಲೆ ದರ್ಜಿಯ ಮಗಳು ಸತ್ತ ಅಪ್ಪನ ಚಿತ್ರ ಬರೆದಿದ್ದಳು, ಹೊಲಿಗೆಯಂತ್ರಕ್ಕೆ ಬಾಗಿ ಕೂತ ಹಾಗೆ. ಮನೆ ಕೆಡಹುವಾಗ ಆ ಗೋಡೆಯನ್ನು ಇಡಿಯಾಗಿ ಕೊಯ್ದು ಅವಳಿಗೇ ಕೊಡುತ್ತೇನೆ ಎಂದಿದ್ದೆ. ಮೊನ್ನೆ ಮಗ ಒಂದು ಚೀಲ ಬಣ್ಣದ ಚೂರು ತಂದು ನನ್ನ ಮುಂದೆ ಸುರಿದ.

"ಕೈ ಇಟ್ಟಿದ್ದೇ ತಡ, ಪುಡಿಪುಡಿ ಆಗೋಯ್ತಮ್ಮ."

ಇವತ್ತು ಒಂದು ಚೂರನ್ನು ಬೆರಳಲ್ಲಿ ಉಜ್ಜಿ ನೋಡಿದೆ. ಉದುರಲಿಲ್ಲ. ಆ ಮನೆಯದು ಸುಣ್ಣದ ಗಾರೆ, ಉಜ್ಜಿದರೆ ಪುಡಿ ಉದುರಬೇಕು. ಇವನು ಯಾವುದೋ ಸಿಮೆಂಟಿನ ಚೂರಿಗೆ ಬಣ್ಣ ಬಳಿದು ತಂದಿದ್ದಾನೆ.

"ಗೋಡೆ ಎಲ್ಲೋ?"

"ಚಿತ್ರ ಕೂಡಿಡೋ ದೊಡ್ಡ ಮನುಷ್ಯರೊಬ್ಬರು ತಗೊಂಡ್ರು. ಅವಳಿಗೇನಮ್ಮ, ಇನ್ನೊಂದು ಬರ್ಕೋತಾಳೆ."

"ಅಪ್ಪನೂ ಇನ್ನೊಬ್ಬ ಸಿಗ್ತಾನೇನೋ?"

ಗಾರೆಯ ಗುರುತು ಅವನಿಗೆ ಕಲಿಸಿದವಳೇ ನಾನು. ಆ ನನ್ನ ಕಣ್ಣಿಗೇ ಮಣ್ಣೆರಚಬಹುದು ಎಂದುಕೊಂಡನಲ್ಲ, ಮಾರಿದ್ದಕ್ಕಿಂತ ಅದೇ ಹೆಚ್ಚು ಉರಿಯುತ್ತಿದೆ.

ಸಂಜೆ ದರ್ಜಿಯ ಮಗಳ ಮನೆಗೆ ಹೋಗಿ ಎಲ್ಲ ಹೇಳಿದೆ. ಪೊಲೀಸರಿಗೆ ದೂರು ಕೊಡು ಎಂದೆ.

"ನಿಮ್ಮ ಮಗ ಅಲ್ವಾ ಅಜ್ಜಿ, ನಾನು ಹೇಗೆ ದೂರು ಕೊಡ್ಲಿ?"

"ಚಪ್ಪಲಿ ಹಾಕ್ಕೋ" ಎಂದೆ.

ಠಾಣೆಯವರೆಗೂ ನಾನೇ ಕರೆದುಕೊಂಡು ಹೋದೆ. ಅವಳ ದೂರಿನ ಕೆಳಗೆ, ಸಾಕ್ಷಿ ಎಂಬಲ್ಲಿ, ನನ್ನ ಸಹಿ ಹಾಕಿ ಬಂದಿದ್ದೇನೆ.