ನಿಧಾನವಾಗಿ, ದುಃಖದಿಂದ

ಗುರುವಾರ, ಮಧ್ಯಾಹ್ನ
ರಿಹರ್ಸಲ್ ಹಾಲಿನ ಹಿಂಬದಿಯ ಮೆಟ್ಟಿಲು

ಸಾವಕಾಶ ಮಹಾರಾಯನಿಗೆ,

ಮನೆ ಬಿಟ್ಟು ಹೋದ ಹೆಂಡತಿ ಏಕಾಏಕಿ ಕಾಗದ ಬರೆದಳೆಂದು ಗಾಬರಿಯಾಗಬೇಡ, ಜಗಳಕ್ಕಲ್ಲ. ಕ್ಲಾರಿನೆಟ್ಟನ್ನು ಒರೆಸಿ ಡಬ್ಬಿಗಿಡುವಷ್ಟು ಪುರುಸೊತ್ತೂ ಇಲ್ಲದೆ ತೊಡೆಯ ಮೇಲಿಟ್ಟುಕೊಂಡೇ ಬರೆಯುತ್ತಿದ್ದೇನೆ. ನನಗೆ ನಿನ್ನ ಒಪ್ಪಿಗೆ ಬೇಕು, ಅದೂ ನಾಳೆ ಸಂಜೆಯೊಳಗೆ. ನಿನ್ನ ಸ್ವಭಾವ ಗೊತ್ತಿರುವುದರಿಂದ ಮೊದಲೇ ಹೇಳಿಬಿಡುತ್ತೇನೆ: ನಾಳೆ ಎಂದರೆ ನಾಳೆಯೇ, ಮುಂದಿನ ವಾರವಲ್ಲ.

ನೀನು ನಮ್ಮ ವಾದ್ಯವೃಂದಕ್ಕೆ ಬರೆದುಕೊಟ್ಟ ‘ಮುಚ್ಚಿದ ಬಾಗಿಲು’ ಶನಿವಾರದ ಕಾರ್ಯಕ್ರಮದಲ್ಲಿದೆಯಲ್ಲ, ಅದರ ವಿಷಯ. ಇರುವುದು ನಾಲ್ಕೇ ನಿಮಿಷ. ಮೊದಲ ಪುಟದ ನೆತ್ತಿಯ ಮೇಲೆ ನಿನ್ನ ಗುಂಡು ಅಕ್ಷರದಲ್ಲಿ ‘ನಿಧಾನವಾಗಿ, ದುಃಖದಿಂದ’ ಎಂದಿದೆ. ಸ್ಕೇಲು ಡಿ ಮೈನರ್, ಅಳುವುದಕ್ಕೆ ಹೇಳಿ ಮಾಡಿಸಿದ್ದು. ಪಿಟೀಲುಗಳು ಉಸಿರು ಬಿಗಿಹಿಡಿದು ಎಳೆಯುತ್ತವೆ, ನಾದಿನಿಯ ಆ ದಪ್ಪ ದನಿಯ ದೊಡ್ಡ ಪಿಟೀಲು, ಚೆಲ್ಲೊ, ಕೆಳಗಿನಿಂದ ನರಳುತ್ತದೆ, ಮೇಲೆ ನನ್ನ ಕ್ಲಾರಿನೆಟ್ ಒಂದೇ ಧಾಟಿಯನ್ನು ತೆವಳಿಸಿಕೊಂಡು ಹೋಗುತ್ತದೆ. ನಿಜ ಹೇಳಲಾ? ಇಷ್ಟು ದಿನ ನುಡಿಸುವಾಗ ಮೈಯೆಲ್ಲ ಉರಿಯುತ್ತಿತ್ತು. ನಾನು ಮನೆ ಬಿಟ್ಟದ್ದನ್ನು ಊರಿಗೆಲ್ಲ ಡಂಗುರ ಸಾರುವ ಅಳುಮುಂಜಿ ಸಂಗೀತ ಬರೆದು, ಅದನ್ನು ನಾನೇ ನುಡಿಸುವಂತೆ ಮಾಡಿದ್ದಾನಲ್ಲ, ಗಾಯದ ಮೇಲೆ ಬರೆ ಎಳೆದ ಹಾಗೆ ಎಂದುಕೊಳ್ಳುತ್ತಿದ್ದೆ.

ಇವತ್ತು ಏನಾಯಿತು ಕೇಳು. ರಿಹರ್ಸಲ್ ಮುಗಿಯುವ ಮೊದಲೇ ಹಾಲಿನ ಕಾವಲುಗಾರ ಬಂದು ಬೀಗದ ಗೊಂಚಲು ಅಲ್ಲಾಡಿಸಿದ. ಕಡ್ಡಿ ಮೇಷ್ಟ್ರು, ಅಂದರೆ ಮುಂದೆ ನಿಂತು ಕಡ್ಡಿಯಾಡಿಸಿ ನಮ್ಮನ್ನೆಲ್ಲ ನಡೆಸುವವರು (ಹೆಸರಿಟ್ಟ ಪುಣ್ಯಾತ್ಮ ನೀನೇ), ಗಡಿಯಾರ ನೋಡಿ, “ಭಾವ ಗೀವ ಎಲ್ಲ ಆಮೇಲೆ, ಸ್ವರ ಸರಿ ಇದೆಯಾ ಅಷ್ಟೇ ನೋಡೋಣ. ಓಡ್ಸಿ!” ಎಂದರು.

ಓಡಿಸಿದೆವು. ಅಯ್ಯೋ, ನೀನಿರಬೇಕಿತ್ತು! ಅಳುತ್ತಿದ್ದ ಪಿಟೀಲುಗಳು ಮೆಟ್ಟಿಲು ಹತ್ತತೊಡಗಿದವು. ಹೌದು, ಮೆಟ್ಟಿಲೇ! ಚೆಲ್ಲೊ ದಡದಡ ಹೆಜ್ಜೆ ಹಾಕಿತು. ನನ್ನ ಸರದಿ ಬಂತು, ಊದಿದೆ. ಬೆರಳು ತಾನಾಗಿ ಹೋಗಿ ನೀನು ಬರೆಯದ ಸ್ವರದ ಮೇಲೆ ಕೂತುಬಿಟ್ಟಿತು. ಮೈನರಿನ ಅಳು ಹೋಗಿ ಮೇಜರಿನ ನಗು ಬಂತು. ಮೇಷ್ಟ್ರು ಕಡ್ಡಿ ಕುಟ್ಟಿ “ತಪ್ಪು ಸ್ವರ!” ಎಂದರು. ನಾನು ಎದ್ದು ನಿಂತು ಕಿರುಚಿದೆನಂತೆ: “ತಪ್ಪು ನಂದಲ್ಲ ಸಾರ್, ಬರೆದೋನದ್ದು! ಇದು ನನ್ನ ಸಿಳ್ಳೆ!”

ನನ್ನ ಸಿಳ್ಳೆಯೇ ಅದು. ಒಂದು ಕೈಯಲ್ಲಿ ವಾದ್ಯದ ಡಬ್ಬಿ, ಇನ್ನೊಂದರಲ್ಲಿ ತರಕಾರಿ ಚೀಲ ಹಿಡಿದು ಮೂರು ಮಹಡಿ ಹತ್ತುವಾಗ, ನೀನು ಬಾಗಿಲು ತೆಗೆಯಲಿ ಎಂದು ಹಾಕುತ್ತಿದ್ದೆನಲ್ಲ, ಅದು. ಒಂದು ನೆಗೆತ, ಮೂರು ಚುಟುಕು ಸ್ವರ, ಮತ್ತೊಂದು ನೆಗೆತ. ಎದುರು ಮನೆಯವರು ಬಾಗಿಲು ತೆಗೆದು ನೋಡುತ್ತಿದ್ದರೇ ಹೊರತು ನೀನು ಕೂತಲ್ಲಿಂದ ಏಳುತ್ತಿರಲಿಲ್ಲ. ಕೊನೆಯ ಜಗಳದಲ್ಲಿ ನೀನು ಏನು ಹೇಳಿದೆ, ನೆನಪಿದೆಯಾ? “ನಿನ್ನ ಗಡಿಬಿಡೀಲಿ ನಂಗೆ ಒಂದು ಸ್ವರಾನೂ ಕೇಳ್ಸಲ್ಲ.” ಆ ಮಾತಿಗೇ ನಾನು ಡಬ್ಬಿ ಎತ್ತಿಕೊಂಡು ಅಕ್ಕನ ಮನೆಗೆ ಬಂದದ್ದು.

ಸುಳ್ಳುಗಾರ! ಎಲ್ಲವೂ ಕೇಳಿಸಿದೆ. ಎರಡನೆಯ ಮಹಡಿಯ ತಿರುವಿನಲ್ಲಿ ನಾನು ಉಸಿರೆಳೆದುಕೊಳ್ಳುತ್ತಿದ್ದ ಸಣ್ಣ ಬಿಡುವನ್ನೂ ಬಿಡದೆ ಬರೆದಿದ್ದೀಯ. ಎಷ್ಟು ನಿಧಾನ ಮಾಡಿದ್ದೀಯೆಂದರೆ ಸಿಳ್ಳೆ ಹಾಕಿದವಳಿಗೇ ಗುರುತು ಸಿಗಲಿಲ್ಲ. ನಾನು ನಗುತ್ತ ಅಳುತ್ತ ನಿಂತಿದ್ದರೆ ನಿನ್ನ ತಂಗಿ ಚೆಲ್ಲೊ ತಬ್ಬಿಕೊಂಡು, “ಈಗ ಗೊತ್ತಾಯ್ತಾ ಅತ್ತಿಗೆ? ನಂಗೆ ಮೊದಲನೇ ದಿನಾನೇ ಗೊತ್ತಿತ್ತು. ಹೇಳ್ಬೇಡ ಅಂದಿದ್ದ ಅಣ್ಣ” ಎಂದಳು. ಅಣ್ಣ ತಂಗಿ ಇಬ್ಬರೂ ಒಂದೇ ಗಾಣದ ಎತ್ತುಗಳು.

ಈಗ ನನ್ನ ಬೇಡಿಕೆ. ಮೊದಲ ಪುಟಗಳು ನೀನು ಬರೆದಂತೆಯೇ ಇರಲಿ, ತೆವಳಲಿ, ಅಳಲಿ. ಕೊನೆಯ ಪುಟವನ್ನು ಮಾತ್ರ ವೇಗವಾಗಿ, ಮೇಜರಿನಲ್ಲಿ ನುಡಿಸಲು ಬಿಡು. ಕಡ್ಡಿ ಮೇಷ್ಟ್ರು ಕಡ್ಡಿ ಮುರಿದಂತೆ ಹೇಳಿದ್ದಾರೆ: “ಬರೆದವರು ನಾಳೆ ಬಂದು ಒಪ್ಪಿದ್ರೆ ಸರಿ. ಇಲ್ದಿದ್ರೆ ಒಂದು ಚುಕ್ಕೀನೂ ಬದಲಾಯಿಸಲ್ಲ.” ನೀನು ಬರದಿದ್ದರೆ ನಾನು ಬಾಯಿ ಮುಚ್ಚಿಕೊಂಡು ಇದ್ದದ್ದನ್ನೇ ನುಡಿಸುತ್ತೇನೆ. ಆದರೆ ಅದು ಸುಳ್ಳಾಗುತ್ತದೆ. ಆ ಸಿಳ್ಳೆ ಯಾವತ್ತೂ ದುಃಖದ್ದಾಗಿರಲಿಲ್ಲ. ಮೇಲೆ ಹೋದರೆ ನೀನಿರುತ್ತೀಯ ಎಂಬ ಖುಷಿಗೆ ತಡೆಯಲಾರದೆ ಬರುತ್ತಿತ್ತು. ನಾನೂ ನಿನಗೆ ಯಾವತ್ತೂ ಬಾಯಿ ಬಿಟ್ಟು ಹೇಳಲಿಲ್ಲ.

ಇದಕ್ಕೆ ಬೇರೆ ಅರ್ಥ ಹಚ್ಚಬೇಡ. ನಾನು ಕೇಳುತ್ತಿರುವುದು ಒಂದೇ ಒಂದು ಪುಟದ ವೇಗ, ಸ್ಕೇಲು, ಭಾವ. ಅಷ್ಟೇ. ಕಾಗದವನ್ನು ನಾದಿನಿಯ ಕೈಯಲ್ಲಿ ಕಳಿಸುತ್ತಿದ್ದೇನೆ.

ಇಂತಿ,
ನೀನೇ ಹೆಸರಿಟ್ಟ
ಗಡಿಬಿಡಿ

ತಾ.ಕ.: ನಾದಿನಿಯ ಕೈಗೆ ಕಾಗದ ಕೊಡಲಿಲ್ಲ, ಕ್ಲಾರಿನೆಟ್ ಕೊಟ್ಟೆ. ನಾಳೆಯವರೆಗೆ ಕಾಯುವ ತಾಳ್ಮೆ ನನಗೆಲ್ಲಿಂದ ಬರಬೇಕು? ಇಷ್ಟನ್ನು ನಮ್ಮ ಮನೆಯ ಎರಡನೆಯ ಮಹಡಿಯ ತಿರುವಿನಲ್ಲಿ ಕೂತು ಬರೆಯುತ್ತಿದ್ದೇನೆ. ಕಾಗದವನ್ನು ಬಾಗಿಲಡಿ ತೂರಿಸಿ ಮತ್ತೆ ಇಲ್ಲಿಗೇ ಇಳಿದು ಬರುತ್ತೇನೆ. ಬೀಗದ ಕೈ ಇನ್ನೂ ನನ್ನ ಹತ್ತಿರವೇ ಇದೆ, ಇವತ್ತು ಎರಡು ಕೈಯೂ ಖಾಲಿ ಇವೆ. ಆದರೂ ನಾನು ತೆಗೆಯುವುದಿಲ್ಲ, ಸಿಳ್ಳೆ ಹಾಕುತ್ತೇನೆ. ಈ ಸಲವಾದರೂ ಎದುರು ಮನೆಯವರಿಗಿಂತ ಮೊದಲು ನೀನು ಬಾಗಿಲು ತೆಗೆ.